ಬ್ರದರ್ ರಾಯಪ್ಪ ಹೇಳದೆ ಬಿಟ್ಟ ಮಾತು

ಏಪೆಕ್ಸ್, ಕ್ಯಾರಿ, ಮಾರಿಸ್‌ವಿಲ್ ಕಡೆಯ ಕನ್ನಡ ಕಥೋಲಿಕರು ಲೂಯಿಸ್ ರಾಯಪ್ಪನವರನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬೆಳ್ಳಿಹಬ್ಬ ಮುಗಿದಿತ್ತು. ಮಗಳು ಶಾರ್ಲೆಟ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಅವರಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ, ಜೊತೆಗೆ ಕುರ್ಚಿಯಲ್ಲಿ ಕೂತೂ ಕೂತೂ ಬಂದ ಹೊಟ್ಟೆ. ಇಂಥ ಸಂಸಾರಸ್ಥನಿಗೆ ಬ್ರದರ್ ಎನ್ನುವ ಹೆಸರೇಕೆ ಎಂದು ಹೊಸಬರು ಕೇಳಿದರೆ ಅವರ ಹೆಂಡತಿ ಸ್ಟೆಲ್ಲಾ ಉತ್ತರ ಕೊಡುತ್ತಿದ್ದರು. "ಗುರುಮಠದಲ್ಲಿ ನಾಲ್ಕು ವರ್ಷ ಪಾದ್ರಿ ಆಗೋಕೆ ಓದಿದ್ರು, ಅಲ್ಲಿ ಓದೋರನ್ನ ಬ್ರದರ್ ಅಂತಾರೆ. ನನ್ನ ಅದೃಷ್ಟ, ಬಿಟ್ಟು ಬಂದ್ರು. ಅದೃಷ್ಟ ಒಳ್ಳೇದೋ ಕೆಟ್ಟದ್ದೋ ಇನ್ನೂ ಗೊತ್ತಾಗಿಲ್ಲ." ಎಲ್ಲರೂ ನಗುತ್ತಿದ್ದರು. ರಾಯಪ್ಪನವರೂ ನಗುತ್ತಿದ್ದರು, ಆದರೆ ಅವರ ನಗು ಸ್ವಲ್ಪ ಬೇಗ ನಿಂತುಬಿಡುತ್ತಿತ್ತು.

ಕಾರಣ ಇತ್ತು. ಗುರುಮಠ ಬಿಟ್ಟು ಟ್ರಂಕು ಹೊತ್ತುಕೊಂಡು ಮೈಸೂರಿನ ಮನೆ ಬಾಗಿಲಿಗೆ ಬಂದಾಗ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಅಪ್ಪ ಚೌರಪ್ಪ ಒಳಗೆ ಕರೆಯಲಿಲ್ಲ. "ಒಂದು ಕಡೆ ಕೂರೋಕೆ ಆಗದೋನು ಎಲ್ಲಿ ಉದ್ಧಾರ ಆಗ್ತಾನೆ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳಿದರು. ಆಮೇಲೆ ಮಗ ಉದ್ಧಾರವಾದ. ಕಂಪ್ಯೂಟರ್ ಕಲಿತ, ಬೆಂಗಳೂರಿಗೆ ಹೋದ, ವೀಸಾ ಸಿಕ್ಕಿತು, ಗ್ರೀನ್ ಕಾರ್ಡೂ ಬಂತು. ಅಪ್ಪ ಸಾಯುವ ಮೊದಲು ಹೆಮ್ಮೆಪಟ್ಟದ್ದೂ ಉಂಟು. ಆದರೆ ಆ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು. ಮನುಷ್ಯನ ಸ್ವಭಾವವೇ ಹಾಗೆ, ಹತ್ತು ಹೊಗಳಿಕೆ ಮರೆತರೂ ಒಂದು ಬೈಗುಳ ಮರೆಯುವುದಿಲ್ಲ.

ಗುರುಮಠದಿಂದ ಅವರು ತಂದದ್ದು ಎಂದರೆ ಒಬ್ಬ ಸನ್ಯಾಸಿಯ ಕಥೆ. ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿದ್ದ ಅಬ್ಬಾ ಮೋಶೆ. ಅಬ್ಬಾ ಎಂದರೆ ಅವರ ಭಾಷೆಯಲ್ಲಿ ಅಪ್ಪ. ಇಥಿಯೋಪಿಯಾದ ಕಪ್ಪು ಮನುಷ್ಯ, ಆನೆಯಂಥ ಆಳು. ಅಧಿಕಾರಿಯೊಬ್ಬನ ಮನೆಯಲ್ಲಿ ಗುಲಾಮನಾಗಿದ್ದು, ಕದ್ದು ಸಿಕ್ಕಿಬಿದ್ದು, ಹೊರಗೆ ಹಾಕಿಸಿಕೊಂಡು ದರೋಡೆಕೋರರ ನಾಯಕನಾದವನು. ಒಬ್ಬ ಕುರುಬನ ಮೇಲಿನ ಸಿಟ್ಟಿಗೆ ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತುಂಬಿದ ನೈಲ್ ನದಿಯನ್ನು ಈಜಿ ದಾಟಿದನಂತೆ. ಕುರುಬ ಸಿಗದೇ ಹೋದಾಗ ಅವನ ಟಗರುಗಳನ್ನು ಕಡಿದು ತಿಂದನಂತೆ. ಇಂಥವನು ಒಂದು ದಿನ ಸ್ಕೆಟಿಸ್ ಎನ್ನುವ ಮರಳುಗಾಡಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಸನ್ಯಾಸಿಗಳ ನಡುವೆ ಬಂದು ಬಿದ್ದ, ಬಿದ್ದವನು ಏಳಲಿಲ್ಲ.

ಈ ಕಥೆಯನ್ನು ರಾಯಪ್ಪನವರು ಹೇಳಿದರೆ ಊಟ ತಣ್ಣಗಾದರೂ ಯಾರೂ ಏಳುತ್ತಿರಲಿಲ್ಲ. ಪ್ರತಿ ಶುಕ್ರವಾರ ಒಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಸಂಸಾರ ಸೇರಿ ಕನ್ನಡದಲ್ಲಿ ಜಪಸರ ಹೇಳುವುದು, ಆಮೇಲೆ ಬ್ರದರ್ ಮಾತು, ಆಮೇಲೆ ಊಟ. ಮೋಶೆ ತನ್ನ ಆಸೆಗಳ ಜೊತೆ ಗುದ್ದಾಡಿ ನಿದ್ದೆ ಬಾರದೆ, ನೀರು ಹೊರಲಾಗದ ಮುದಿ ಸನ್ಯಾಸಿಗಳ ಕೊಡಗಳನ್ನು ಅವರಿಗೇ ತಿಳಿಯದಂತೆ ತುಂಬಿಸಿ ಇಡುತ್ತಿದ್ದ ಭಾಗ ಬಂದಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ತಪ್ಪು ಮಾಡಿದ ಒಬ್ಬ ಸಹೋದರನನ್ನು ವಿಚಾರಣೆ ಮಾಡಲು ಸಭೆ ಕರೆದಾಗ, ಮೋಶೆ ತೂತು ಬುಟ್ಟಿಗೆ ಮರಳು ತುಂಬಿ ಬೆನ್ನಿಗೆ ಹಾಕಿಕೊಂಡು ಹೋದದ್ದು ಇನ್ನೊಂದು. ನನ್ನ ತಪ್ಪುಗಳು ಹೀಗೆ ಹಿಂದೆ ಸುರಿಯುತ್ತಿವೆ, ನನಗೇ ಕಾಣುತ್ತಿಲ್ಲ, ನಾನು ಬೇರೆಯವನ ತಪ್ಪು ತೂಗಲಿಕ್ಕೆ ಬಂದೆ ಎಂದನಂತೆ. ಇಷ್ಟೆಲ್ಲ ಹೇಳಿ ಕೊನೆಗೆ ರಾಯಪ್ಪನವರು ತಮಗೆ ಅತ್ಯಂತ ಪ್ರಿಯವಾದ ಉಪದೇಶಕ್ಕೆ ಬರುತ್ತಿದ್ದರು. ಬುದ್ಧಿವಾದ ಕೇಳಲು ಬಂದವನಿಗೆ ಮೋಶೆ ಹೇಳಿದ್ದು ಇಷ್ಟೇ, ನಿನ್ನ ಕುಟೀರಕ್ಕೆ ಹೋಗಿ ಕೂತುಕೋ, ಬೇಕಾದ್ದನ್ನೆಲ್ಲ ಅದೇ ಕಲಿಸುತ್ತದೆ. ಅದನ್ನು ಹೇಳುವಾಗ ಅವರ ದನಿ ಗದ್ಗದವಾಗುತ್ತಿತ್ತು. ಕೂರಲು ಆಗದೆ ಎದ್ದು ಬಂದವರಿಗೆ ಕೂತವರ ಮೇಲೆ ಇರುವ ಭಕ್ತಿಯೇ ಬೇರೆ.

ಎರಡು ಸಾವಿರದ ಇಪ್ಪತ್ತರ ತಪಸ್ಸುಕಾಲದ ನಡುವೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕೋವಿಡ್ ಬಂತು. ಚರ್ಚುಗಳ ಬಾಗಿಲು ಮುಚ್ಚಿತು, ಆಫೀಸು ಮನೆಗೆ ಬಂತು. ಹೊರಗೆ ಪೈನ್ ಮರಗಳ ಹಳದಿ ಪರಾಗದ ಹುಡಿ ಕಾರುಗಳ ಮೇಲೆ ದಪ್ಪಗೆ ಕೂತರೂ ತೊಳೆಯುವವರಿರಲಿಲ್ಲ, ಹೋಗಲಿಕ್ಕೆ ಜಾಗವೇ ಇರಲಿಲ್ಲ. ಜಪಸರ ಜೂಮಿಗೆ ಬಂತು. ಅದನ್ನು ನಡೆಸಿಕೊಟ್ಟವನು ಮಾರ್ಟಿನ್. ಮಾರಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದ ಮೂವತ್ತೈದರ ಹುಡುಗ, ಕೀಬೋರ್ಡ್ ನುಡಿಸುತ್ತಿದ್ದ, ಒಳ್ಳೆ ಕಂಠ, ಮುದುಕರನ್ನು ಏರ್‌ಪೋರ್ಟಿಗೆ ಬಿಡುವುದಕ್ಕೂ ಸೋಫಾ ಎತ್ತುವುದಕ್ಕೂ ಮೊದಲು ಬರುವವನು. ಅವನ ಹೆಂಡತಿ ರೋಸ್ಲಿನ್ ಚಾಮರಾಜನಗರದ ಕಾನ್ವೆಂಟಿನಲ್ಲಿ ಟೀಚರಾಗಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಗಂಡನ ವೀಸಾದ ಮೇಲೆ ಬಂದಿದ್ದರಿಂದ ಕೆಲಸ ಮಾಡುವಂತಿರಲಿಲ್ಲ, ಡ್ರೈವಿಂಗ್ ಬರುತ್ತಿರಲಿಲ್ಲ. ಮಾತು ಕಡಿಮೆ, ಆದರೆ ಬ್ರದರ್ ಮಾತಾಡುವಾಗ ಹುಡುಗರು ಪಾಠ ಕೇಳುವಂತೆ ಮುಂದಕ್ಕೆ ಬಾಗಿ ಕೇಳುತ್ತಿದ್ದಳು.

ಆ ದಿನಗಳಲ್ಲಿ ಕುಟೀರದ ಮಾತು ಎಲ್ಲರಿಗೂ ಬೇಕಾಯಿತು ನೋಡಿ. ಇಡೀ ಜಗತ್ತೇ ಮನೆಯೊಳಗೆ ಕೂತಿತ್ತು, ಕೂರುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ರಾಯಪ್ಪನವರ ಮಾತನ್ನು ಯಾರೋ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರು. ಅಲ್ಫರೆಟಾದಿಂದ, ವರ್ಜೀನಿಯಾದಿಂದ ಗುರುತಿಲ್ಲದವರು ಫೋನ್ ಮಾಡಿ ಮನಸ್ಸಿಗೆ ಸಮಾಧಾನವಾಯಿತು ಬ್ರದರ್ ಎಂದರು. ರಾಯಪ್ಪನವರು ಹಿಗ್ಗಿಹೋದರು. ಮೇಲೆ ಮಾತ್ರ "ನನ್ನದೇನಿದೆ, ಎಲ್ಲಾ ಆ ಅಬ್ಬಾಂದು" ಎನ್ನುತ್ತಿದ್ದರು. ಕ್ಯಾರಿಯ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ ಸ್ಟೆಲ್ಲಾ ಹನ್ನೆರಡು ಗಂಟೆ ಮಾಸ್ಕ್ ಹಾಕಿಕೊಂಡು ದುಡಿದು, ಗರಾಜಿನಲ್ಲೇ ಬಟ್ಟೆ ಬದಲಿಸಿ ಒಳಗೆ ಬಂದವರು ಇದನ್ನು ಕೇಳಿ, "ಹಾಗಾದ್ರೆ ಅಬ್ಬಾಗೆ ಹೇಳಿ, ಪಾತ್ರೆ ತೊಳೀಲಿ" ಎಂದರು.

ಅಂಥ ಒಂದು ಮಧ್ಯಾಹ್ನ ರೋಸ್ಲಿನ್ ಫೋನ್ ಮಾಡಿದಳು. ದನಿ ಬಹಳ ಸಣ್ಣಗಿತ್ತು, ಹಿಂದೆ ನಲ್ಲಿಯಲ್ಲಿ ನೀರು ಸುರಿಯುವ ಸದ್ದಿತ್ತು.

"ಬ್ರದರ್, ನನಗೆ ಈ ಮನೇಲಿ ಇರೋಕೆ ಆಗ್ತಿಲ್ಲ."

ರಾಯಪ್ಪನವರಿಗೆ ಎದೆ ಅರಳಿತು, ಹೇಳಲು ನಾಚಿಕೆಯಾಗುವಂಥ ಸತ್ಯ ಇದು. ಇಂಥ ಕಾಯಿಲೆಗೆ ಮರಳುಗಾಡಿನವರು ಮದ್ದು ಬರೆದಿಟ್ಟಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ನಡುಹಗಲಲ್ಲಿ ಸನ್ಯಾಸಿಗೆ ಒಂದು ಬೇಸರ ಬರುತ್ತದೆ, ಹೊತ್ತು ಹೋಗುವುದಿಲ್ಲ, ಕಿಟಕಿ ಕಡೆ ನೋಡುತ್ತಾನೆ, ಊರು ಮನೆ ನೆನಪಾಗುತ್ತದೆ, ಎದ್ದು ಓಡೋಣ ಅನ್ನಿಸುತ್ತದೆ, ಆಗ ಏಳಬಾರದು, ಹಗ್ಗ ಹೊಸೆಯುತ್ತಾ ಜಪ ಮಾಡುತ್ತಾ ಕೂರಬೇಕು ಎಂದು ವಿವರಿಸಿದರು.

ಅವಳು ಎಲ್ಲ ಕೇಳಿದಳು. "ಬೇಸರ ಅಲ್ಲ ಬ್ರದರ್. ಇವರಿಗೆ ಕೋಪ ಜಾಸ್ತಿ ಆಗಿದೆ. ಮೀಟಿಂಗ್ ಮುಗಿದ್ರೆ ಸಾಕು, ಶುರು. ಮೊನ್ನೆ ಕುಕ್ಕರ್ ಮುಚ್ಚಳ ಎಸೆದ್ರು."

"ಲೇಆಫ್ ಟೆನ್ಷನ್ ಕಣಮ್ಮಾ, ಈಗ ಎಲ್ಲಾ ಗಂಡಸರಿಗೂ ಹಾಗೇ ಆಗಿದೆ. ಅವನು ಚಿನ್ನದಂಥ ಹುಡುಗ. ಬೇರೆಯವರ ತಪ್ಪು ಎಣಿಸ್ತಾ ಕೂತ್ರೆ ನಮ್ಮ ಶಾಂತಿನೇ ಹೋಗೋದು. ಮರಳಿನ ಬುಟ್ಟಿ ಕಥೆ ನೆನಪಿದೆಯಲ್ಲ? ತಾಳ್ಮೆ ಇಟ್ಕೋ. ಮನೇಲೇ ಇರು, ಆ ಮನೆನೇ ನಿನಗೆ ಕಲಿಸುತ್ತೆ."

ನೀರಿನ ಸದ್ದು ನಿಂತಿತು. "ಸರಿ ಬ್ರದರ್" ಎಂದು ಅವಳು ಇಟ್ಟುಬಿಟ್ಟಳು.

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನಮ್ಮವರಲ್ಲಿ ಒಂದು ಪದ್ಧತಿ ಇದೆ, ಗಂಡ ಹೆಂಡಿರ ಜಗಳ ಕಿವಿಗೆ ಬಿದ್ದರೆ ಹಿರಿಯರಾದವರು ಎರಡೂ ಕಡೆಗೆ ಬುದ್ಧಿ ಹೇಳಬೇಕು. ಒಂದೇ ಕಡೆ ಕೇಳಿ ಸುಮ್ಮನಾದರೆ ನ್ಯಾಯವಲ್ಲ. ಮೈಸೂರಿನಲ್ಲಿ ರಾಯಪ್ಪನವರ ಅಪ್ಪನೂ ಹೀಗೇ ಮಾಡುತ್ತಿದ್ದರು, ಅಲ್ಲಿನ ಹಿರಿಯರೆಲ್ಲ ಹೀಗೇ ಮಾಡುತ್ತಿದ್ದರು. ಆದ್ದರಿಂದ ಅವರು ಅವತ್ತು ಸಂಜೆಯೇ ಮಾರ್ಟಿನ್‌ಗೆ ಫೋನ್ ಮಾಡಿದರು. ಮೊದಲು ಕೀಬೋರ್ಡ್ ಹೊಗಳಿ, ಆಮೇಲೆ ಮೆತ್ತಗೆ, "ಸ್ವಲ್ಪ ತಾಳ್ಮೆ ಇರಲಿ ಮಗಾ, ರೋಸ್ಲಿನ್ ಹೊಸಬಳು, ಪಾಪ ಹೆದರಿಕೊಂಡಿದ್ದಾಳೆ" ಎಂದರು. ಮಾರ್ಟಿನ್ ಜೇನಿನಂತೆ ಮಾತಾಡಿದ. "ಖಂಡಿತ ಬ್ರದರ್, ನೀವು ಹೇಳಿದ್ದು ಒಳ್ಳೇದಾಯ್ತು. ನನ್ನ ಹತ್ರಾನೇ ಹೇಳ್ಬೋದಿತ್ತು ಅವಳು." ಒಂದು ಸಂಸಾರ ಸರಿಮಾಡಿದ ತೃಪ್ತಿಯಲ್ಲಿ ರಾಯಪ್ಪನವರು ಒಂದು ಲೋಟ ಮಜ್ಜಿಗೆ ಕುಡಿದರು.

ಅದರ ನಂತರ ರೋಸ್ಲಿನ್ ಫೋನ್ ಎತ್ತಲಿಲ್ಲ. ವಾಟ್ಸಾಪಿನಲ್ಲಿ ಅವಳ ಫೋಟೋ ಕಾಣದಾಯಿತು.

ಶುಕ್ರವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ಎಲ್ಲರೂ ಜೂಮಿಗೆ ಬಂದರು. ಜಪಸರದ ಕ್ರಮ ಗೊತ್ತಿರುವವರಿಗೆ ಗೊತ್ತು, ನಮೋ ಮರಿಯಾ ಜಪದ ಮೊದಲರ್ಧವನ್ನು ನಡೆಸುವವರು ಹೇಳುತ್ತಾರೆ, ಉಳಿದರ್ಧವನ್ನು ಮಿಕ್ಕವರು ಹೇಳುತ್ತಾರೆ. ಜೂಮಿನಲ್ಲಿ ಎಲ್ಲರ ಮೈಕೂ ಮುಚ್ಚಿರುವುದರಿಂದ ನಡೆಸುವವರ ಮನೆಯವರೇ ಉತ್ತರ ಕೊಡಬೇಕು. ಹೀಗಾಗಿ ಸರದಿ ಬಂದಾಗ ಗಂಡ ಹೆಂಡಿರಲ್ಲಿ ಒಬ್ಬರು ಮೊದಲರ್ಧ, ಇನ್ನೊಬ್ಬರು ಎರಡನೆಯದು. ಅಂದು ಕಡೆಯ ಹತ್ತು ಮಣಿ ಮಾರ್ಟಿನ್ ಮನೆಯದು. ಕ್ಯಾಮೆರಾ ಆಫ್ ಆಗಿತ್ತು. ರೋಸ್ಲಿನ್‌ಳ ದನಿ ಮಾತ್ರ ಬಂತು. ಅವಳು ಮೊದಲರ್ಧ ಹೇಳಿದಳು. ಉತ್ತರ ಬರಲಿಲ್ಲ. ಕಾದಳು, ಆಮೇಲೆ ತಾನೇ ಎರಡನೆಯ ಅರ್ಧವನ್ನೂ ಹೇಳಿದಳು. ಮುಂದಿನ ಮಣಿಯೂ ಹಾಗೇ. ಹೀಗೆ ಐದಾರು ಮಣಿ ಜರುಗಿತು. ಎದುರಿಗೆ ಗಂಡನಿದ್ದೂ ಉತ್ತರ ಕೊಡುತ್ತಿಲ್ಲ ಎಂದು ಹನ್ನೆರಡು ಮನೆಯವರಿಗೂ ಗೊತ್ತಾಯಿತು, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಒಂದು ಮಣಿಯ ನಡುವೆ, ಮರಿಯಮ್ಮನವರ ಹೆಸರಿನ ಮೇಲೆಯೇ ದನಿ ತುಂಡಾಯಿತು. ಏನೋ ಬಿದ್ದ ಸದ್ದು. ಮೈಕ್ ಮುಚ್ಚಿತು.

ಸ್ವಲ್ಪ ಹೊತ್ತಿಗೆ ಮಾರ್ಟಿನ್‌ನ ಗಂಭೀರ ಕಂಠ ಬಂತು. "ಸಾರಿ, ನೆಟ್ ಪ್ರಾಬ್ಲಮ್. ನಾನೇ ಮುಗಿಸ್ತೀನಿ." ಉಳಿದ ಮಣಿಗಳನ್ನು ತಪ್ಪಿಲ್ಲದೆ, ರಾಗವಾಗಿ ಮುಗಿಸಿದ.

ಸ್ಟೆಲ್ಲಾ ಲ್ಯಾಪ್‌ಟಾಪಿನ ಮೈಕ್ ಮುಚ್ಚಿರುವುದನ್ನು ನೋಡಿಕೊಂಡು ಗಂಡನ ಕಡೆ ತಿರುಗಿದರು. "ಆ ಹುಡುಗಿ ನಿಮಗೆ ಫೋನ್ ಮಾಡಿದ್ಲು ಅಂದ್ರಲ್ಲ, ಏನು ಹೇಳಿದ್ಲು?"

ರಾಯಪ್ಪನವರು ಹೇಳಿದರು. ತಾವು ಮಾರ್ಟಿನ್‌ಗೆ ಫೋನ್ ಮಾಡಿದ್ದನ್ನೂ ಹೇಳಿದರು.

"ಅವನಿಗೆ ಹೇಳಿದ್ರಾ?" ಸ್ಟೆಲ್ಲಾರ ಮುಖ ಬಿಳಿಚಿಕೊಂಡಿತು. "ಅವಳು ಗುಟ್ಟಾಗಿ ನಲ್ಲಿ ಬಿಟ್ಕೊಂಡು ನಿಮ್ಮ ಹತ್ರ ಹೇಳಿದ್ದನ್ನ ಅವನ ಕಿವಿಗೇ ಹಾಕಿದ್ರಾ? ರೀ, ನಮ್ಮ ಕ್ಲಿನಿಕ್ಕಿಗೆ ಬರೋ ಪ್ರತಿ ಹೆಂಗಸಿಗೂ ನಾನು ಒಂದು ಪ್ರಶ್ನೆ ಕೇಳ್ತೀನಿ. ಗಂಡನ್ನ ಹೊರಗೆ ಕೂರಿಸಿ ಕೇಳ್ತೀನಿ. ಮನೇಲಿ ನೀವು ಸೇಫಾ ಅಂತ. ಅದೊಂದು ಕೇಳಿದ್ರಾ?"

"ಅವನ ಮೇಲೆ ತಪ್ಪು ಹೊರಿಸೋಕೆ ನಾವು ಯಾರು ಸ್ಟೆಲ್ಲಾ? ಮೋಶೆ ಮರಳಿನ ಬುಟ್ಟಿ..."

"ನಿಮ್ಮ ಮೋಶೆ ಬುಟ್ಟಿ ಹೊತ್ತಿದ್ದು ತನ್ನ ಬೆನ್ನ ಮೇಲೆ. ಆ ಹುಡುಗಿ ಬೆನ್ನಿಗೆ ಕಟ್ಟಲಿಲ್ಲ."

ಪರದೆಯ ಮೇಲೆ ಎಲ್ಲರೂ ಬ್ರದರ್ ಮಾತಿಗೆ ಕಾಯುತ್ತಿದ್ದರು. ಅಂದು ಮೋಶೆಯ ಮರಣದ ಕಥೆ. ರಾಯಪ್ಪನವರು ಇದನ್ನು ನೂರು ಸಲ ಹೇಳಿದ್ದರು. ಮರಳುಗಾಡಿನ ಮೇಲೆ ದಾಳಿಕೋರರು ಬರುತ್ತಾರೆ, ಮೋಶೆ ಓಡುವುದಿಲ್ಲ, ಒಂದು ಕಾಲಕ್ಕೆ ಕತ್ತಿ ಹಿಡಿದಿದ್ದವನು ಕತ್ತಿಯಿಂದಲೇ ಸಾಯಲು ಸಿದ್ಧನಾಗಿ ತನ್ನ ಜಾಗದಲ್ಲೇ ಕೂರುತ್ತಾನೆ. ಅವರು ಮೈಕ್ ತೆರೆದರು, ಬಾಯಿ ತೆರೆದರು, ದಾಳಿಕೋರರು ಬರುವ ಸುದ್ದಿ ಮುಟ್ಟಿತು ಎಂಬಲ್ಲಿಗೆ ಬಂದು ನಿಂತರು.

ಮುಂದಿನ ಮಾತು ಅವರ ನೆನಪಿನಲ್ಲಿತ್ತು. ಯಾವಾಗಲೂ ಇತ್ತು. ಗುರುಮಠದಲ್ಲಿ ಓದಿದ ಮೊದಲ ದಿನದಿಂದ ಇತ್ತು. ಆ ಸುದ್ದಿ ಬಂದಾಗ ಮೋಶೆ ತನ್ನ ಬಳಿಯಿದ್ದ ಏಳು ಮಂದಿ ಸಹೋದರರಿಗೆ ಮೊದಲು ಹೇಳಿದ್ದು, ಎದ್ದು ಓಡಿಹೋಗಿ ಎಂದು. ಕುಟೀರದಲ್ಲಿ ಕೂರು ಎಂದ ಅದೇ ಬಾಯಿಂದ ಬಂದ ಮಾತು. ಆಮೇಲೆಯೇ ಅವರು, ನೀವು ಬರುವುದಿಲ್ಲವೇ ಅಬ್ಬಾ ಎಂದು ಕೇಳಿದ್ದು, ಅವನು ತನ್ನ ಹಳೆಯ ಕತ್ತಿಯ ಸಂಗತಿ ಹೇಳಿಕೊಂಡಿದ್ದು. ಇಷ್ಟು ವರ್ಷ ರಾಯಪ್ಪನವರು ಆ ಒಂದು ಮಾತನ್ನು ಮೆಲ್ಲಗೆ ದಾಟಿಸಿಬಿಡುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಓಡಿ ಬಂದವನ ಬಾಯಲ್ಲಿ ಓಡಿ ಎನ್ನುವ ಮಾತು ಬರಲು ಹಿಂಜರಿಯುತ್ತಿತ್ತು, ಅಷ್ಟೇ. ಕೂತವನ ಕಥೆ ಹೇಳಿದಾಗ ಮಾತ್ರ ಅಪ್ಪನ ಮುಂದೆ ತಲೆಯೆತ್ತಿದಂತೆ ಆಗುತ್ತಿತ್ತು.

ಅವರಿಗೆ ಭಯವಾಯಿತು. ತನ್ನ ಒಂದು ಸಮಾಧಾನಕ್ಕಾಗಿ ಯಾರದೋ ಮಗಳನ್ನು ಬಾಗಿಲು ಹಾಕಿ ಕೂರಿಸಿಬಿಟ್ಟೆನಲ್ಲ ಎಂದುಕೊಂಡರು. "ಕ್ಷಮಿಸಿ, ಇವತ್ತು ಮೈ ಸರಿ ಇಲ್ಲ" ಎಂದು ಅವರು ಜೂಮಿನಿಂದ ಹೊರಗೆ ಬಂದರು. ಅಷ್ಟರಲ್ಲಿ ಸ್ಟೆಲ್ಲಾ ಕಾರಿನ ಕೀ, ಎರಡು ಮಾಸ್ಕು ಕೈಯಲ್ಲಿ ಹಿಡಿದು ನಿಂತಿದ್ದರು.

"ಪೊಲೀಸರಿಗೆ ಫೋನ್ ಮಾಡೋಣವಾ?" ಎಂದರು ರಾಯಪ್ಪನವರು.

"ಮೊದಲು ಅವಳನ್ನ ನೋಡೋಣ. ಬಾಗಿಲು ತೆಗೀದಿದ್ರೆ ಅಲ್ಲಿಂದಲೇ ಮಾಡ್ತೀನಿ."

"ಅವಳ ವೀಸಾ?"

"ಜೀವ ಇದ್ರೆ ತಾನೇ ವೀಸಾ. ನಡೀರಿ."

ಹಳದಿ ಹುಡಿ ಬಿದ್ದ ಗಾಜನ್ನು ವೈಪರಿನಲ್ಲಿ ಒರೆಸಿಕೊಂಡು ರಾಯಪ್ಪನವರು ಗಾಡಿ ಓಡಿಸಿದರು. ರಸ್ತೆ ಖಾಲಿಯಿತ್ತು. ದಾರಿಯುದ್ದಕ್ಕೂ ಅವರಿಗೆ ಮಾರ್ಟಿನ್‌ನ ಮಾತು ಕೇಳಿಸುತ್ತಿತ್ತು, ನನ್ನ ಹತ್ರಾನೇ ಹೇಳ್ಬೋದಿತ್ತು ಅವಳು. ಅವನು ಅದನ್ನು ಎಷ್ಟು ಸಮಾಧಾನವಾಗಿ ಹೇಳಿದ್ದ. ಆ ಸಮಾಧಾನವೇ ಎಚ್ಚರಿಸಬೇಕಿತ್ತು. ಮನುಷ್ಯರ ಒಳಗನ್ನು ಓದಿದವರ ಕಥೆಗಳನ್ನು ಮೂವತ್ತು ವರ್ಷ ಹೇಳಿಕೊಂಡು ಬಂದವರಿಗೆ ಎದುರಿನ ಒಬ್ಬ ಹುಡುಗನ ಒಳಗು ಕಾಣಲಿಲ್ಲ. ಬೈದುಕೊಳ್ಳಲೂ ಅವರಲ್ಲಿ ತ್ರಾಣವಿರಲಿಲ್ಲ.

ಮಾರ್ಟಿನ್ ಮನೆ ಮೂರನೆಯ ಮಹಡಿ, ಮರದ ಮೆಟ್ಟಿಲು ಹೊರಗಿನಿಂದಲೇ ಹತ್ತಬೇಕು. ಬೆಲ್ ಒತ್ತಿದ ಮೇಲೆ ಬಹಳ ಹೊತ್ತಾಯಿತು. ಬಾಗಿಲು ತೆರೆದ ಮಾರ್ಟಿನ್ ನಗುತ್ತಲೇ ಇದ್ದ.

"ಅರೆ, ಬ್ರದರ್, ಆಂಟಿ! ಮೈ ಸರಿ ಇಲ್ಲ ಅಂದ್ರಿ? ಈ ಟೈಮಲ್ಲಿ ಹೀಗೆ ಬರಬಾರದು, ಸಿಕ್ಸ್ ಫೀಟ್, ಸಿಕ್ಸ್ ಫೀಟ್."

"ರೋಸ್ಲಿನ್ ಎಲ್ಲಿ?" ಎಂದರು ಸ್ಟೆಲ್ಲಾ.

"ತಲೆನೋವು ಅಂತ ಮಲಗಿದ್ದಾಳೆ."

"ನಾನು ನರ್ಸು. ಎಬ್ಬಿಸು."

ಅವನ ನಗು ಅಲ್ಲೇ ನಿಂತಿತು. ಅವನು ಏನೋ ಹೇಳುವ ಮೊದಲೇ ಒಳಗಿನ ಪ್ಯಾಸೇಜಿನಲ್ಲಿ ರೋಸ್ಲಿನ್ ಕಾಣಿಸಿಕೊಂಡಳು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು, ಮಣಿಕಟ್ಟು ಊದಿತ್ತು. ಕೆನ್ನೆಯ ಮೇಲೆ ಹಳೆಯದೊಂದು ಗುರುತು ಹಸಿರಾಗಿತ್ತು. ಸ್ಟೆಲ್ಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, "ಬಾ ಮಗಳೇ, ನಮ್ಮ ಜೊತೆ ಬಾ" ಎಂದರು.

ಅವಳು ಅಲುಗಲಿಲ್ಲ. ಸ್ಟೆಲ್ಲಾರನ್ನು ಬಿಟ್ಟು ರಾಯಪ್ಪನವರನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅದು ಅವರಿಗೆ ಇನ್ನೂ ಕಷ್ಟವಾಯಿತು.

"ನಾನು ಇಲ್ಲೇ ಇರ್ತೀನಿ ಆಂಟಿ. ಬ್ರದರೇ ಹೇಳಿದಾರೆ. ನಾನು ಟ್ರೈ ಮಾಡ್ತಿದೀನಿ ಬ್ರದರ್. ಇನ್ನೂ ಏನೂ ಕಲಿಯೋಕೆ ಆಗಿಲ್ಲ."

ರಾಯಪ್ಪನವರು ಒಂದು ಹೆಜ್ಜೆ ಮುಂದೆ ಬಂದರು. ಮಾಸ್ಕ್ ಕೆಳಗೆ ಎಳೆದರು. ಮಾರ್ಟಿನ್ ಬಾಗಿಲಿಗೆ ಕೈ ಅಡ್ಡ ಇಟ್ಟು, "ಕೇಳಿದ್ರಲ್ಲ? ನಮ್ಮ ಮನೆ ವಿಷಯ ನಾವು ನೋಡ್ಕೋತೀವಿ" ಎಂದ. ಸ್ಟೆಲ್ಲಾ ಫೋನನ್ನು ಅವನಿಗೆ ಕಾಣುವಂತೆ ಹಿಡಿದು, ತುರ್ತು ನಂಬರು ಒತ್ತಿ, ಕರೆಯ ಗುಂಡಿಯ ಮೇಲೆ ಬೆರಳಿಟ್ಟು ನಿಂತರು. ಅವನ ಕೈ ಕೆಳಗಿಳಿಯಿತು.

"ನಾನು ನಿನಗೆ ಅರ್ಧ ಕಥೆ ಹೇಳಿದ್ದೆ ಕಣಮ್ಮಾ" ಎಂದರು ರಾಯಪ್ಪನವರು. ಎಂದಿನ ಕಥೆ ಹೇಳುವ ದನಿ ಅದಾಗಿರಲಿಲ್ಲ. "ಕೊಲ್ಲೋಕೆ ಜನ ಬರ್ತಿದಾರೆ ಅಂತ ಗೊತ್ತಾದಾಗ ಮೋಶೆ ತನ್ನ ಜೊತೇಲಿದ್ದೋರಿಗೆ ಕೂರಿ ಅನ್ನಲಿಲ್ಲ. ಎದ್ದು ಓಡಿಹೋಗಿ ಅಂದ. ಅದೇ ಮೊದಲು ಅಂದದ್ದು. ನಾನು ಅದನ್ನ ಯಾರಿಗೂ ಹೇಳ್ತಿರಲಿಲ್ಲ. ನನ್ನ ತಪ್ಪು. ಆ ಕೂರೋ ಮಾತು ನಿನಗಲ್ಲ ತಾಯಿ. ಬಾ."

ರೋಸ್ಲಿನ್ ಯೋಚಿಸಿದಳು. ಟೀಚರಾಗಿದ್ದವಳಲ್ಲವೇ, ಪೂರ್ತಿ ಕೇಳದೆ ಬಿಡುವವಳಲ್ಲ.

"ಓಡಿದ್ರಾ ಅವರು?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಸಲೀಸಾಗುತ್ತಿತ್ತು. ಹೌದು, ಎಲ್ಲರೂ ಓಡಿ ಬದುಕಿಕೊಂಡರು ಎಂದಿದ್ದರೆ ದೇವರೂ ಕ್ಷಮಿಸುತ್ತಿದ್ದ. ಆದರೆ ಒಮ್ಮೆ ಕತ್ತರಿಸಿ ಹೇಳಿದ ಕಥೆಯನ್ನು ಮತ್ತೆ ಕತ್ತರಿಸಲು ಅವರ ಮನಸ್ಸು ಒಪ್ಪಲಿಲ್ಲ.

"ಇಲ್ಲ" ಎಂದರು. "ಯಾರೂ ಓಡಲಿಲ್ಲ. ಒಬ್ಬ ಹಗ್ಗದ ರಾಶಿ ಹಿಂದೆ ಅವಿತುಕೊಂಡು ಉಳಿದ ಅಂತಾರೆ. ಮಿಕ್ಕೋರು ಸತ್ರು."

"ಓಡಿ ಅಂತ ಅಬ್ಬಾನೇ ಹೇಳಿದ್ರೂ?"

"ಹೇಳಿದ. ಆದ್ರೆ ಅವನು ಎದ್ದಿರಲಿಲ್ಲ. ಅವನು ಕೂತಿದ್ದ, ಅದಕ್ಕೆ ಅವರೂ ಕೂತ್ರು."

ಮಾರ್ಟಿನ್ ಜೋರಾಗಿ ನಕ್ಕ. "ಒಳ್ಳೆ ಕಥೆ ಬ್ರದರ್. ಒಳಗೆ ಹೋಗು ರೋಸ್ಲಿನ್."

ಅವಳು ಒಳಗೆ ಹೋಗಲಿಲ್ಲ. ಹೊರಗೂ ಬರಲಿಲ್ಲ. ಊದಿದ ಕೈಯನ್ನು ಎದೆಗೆ ಅವಚಿಕೊಂಡು ರಾಯಪ್ಪನವರನ್ನೇ ನೋಡುತ್ತ, "ಹಾಗಾದ್ರೆ ನೀವು ಮೊದಲು ನಡೀರಿ ಬ್ರದರ್" ಎಂದಳು.

ಅವರಿಗೆ ಅರ್ಥವಾಯಿತು. ಅವಳನ್ನು ಆ ಮನುಷ್ಯನ ಎದುರು ಬಿಟ್ಟು ತಾವು ಬೆನ್ನು ತಿರುಗಿಸಲು ಅವರಿಗೆ ಕಾಲು ಏಳಲಿಲ್ಲ. ಸ್ಟೆಲ್ಲಾ ಫೋನ್ ಹಿಡಿದುಕೊಂಡೇ "ನಾನಿದೀನಿ, ಹೋಗಿ" ಎಂದರು. ರಾಯಪ್ಪನವರು ತಿರುಗಿದರು. ಕಟಕಟೆ ಹಿಡಿದು ಮೆಟ್ಟಿಲಿಳಿಯತೊಡಗಿದರು. ಹಿಂದೆ ಮಾರ್ಟಿನ್ ಏನೋ ಕೂಗಿದ, ಸ್ಟೆಲ್ಲಾ ಅದಕ್ಕಿಂತ ಜೋರಾಗಿ ಕೂಗಿದರು. ಬಾಗಿಲು ದಡಾರನೆ ಮುಚ್ಚಿಕೊಂಡಿತು. ಆ ಬಾಗಿಲಿನ ಯಾವ ಕಡೆಗೆ ಅವಳಿದ್ದಾಳೆ ಎಂದು ಅವರಿಗೆ ತಿಳಿಯಲಿಲ್ಲ. ಒಂದು ಮಹಡಿಯಾದ ಮೇಲೆ ಸಹಿಸಲಾಗದೆ ನಿಂತು ಹಿಂದಿರುಗಿ ನೋಡಿದರು.

ಮೇಲಿನ ಮೆಟ್ಟಿಲುಗಳಲ್ಲಿ ಸ್ಟೆಲ್ಲಾ, ಅವರ ಹೆಗಲು ಹಿಡಿದುಕೊಂಡು ರೋಸ್ಲಿನ್. ಬರಿಗಾಲು, ಚೀಲವಿಲ್ಲ, ದುಪಟ್ಟಾ ಇಲ್ಲ. ಅಳುತ್ತಿರಲಿಲ್ಲ, ಆದರೆ ಅವರು ನಿಂತದ್ದನ್ನು ಕಂಡು ಅವಳೂ ಅಲ್ಲೇ ನಿಂತುಬಿಟ್ಟಳು.

"ನಿಲ್ಲಬೇಡಿ ಬ್ರದರ್" ಎಂದಳು. "ನಡೀರಿ."